ಅಗೆಯುವ ಯಂತ್ರಗಳ ಸೋರಿಕೆಯೂ ಅದನ್ನು ತಡೆಯುವ ವಿದ್ಯೆಯೂ

ಕುಣಿಗಲಿನ ದೊಡ್ಡಕೆರೆಯನ್ನೂ ಗುಬ್ಬಿಯ ಕೆರೆಯನ್ನೂ ಕಟ್ಟಿದ ಜನರ ಕೈಯಲ್ಲಿದ್ದುದು ಗುದ್ದಲಿ, ಹಾರೆ, ಮಕ್ಕರಿಗಳು ಮಾತ್ರ. ಗುದ್ದಲಿಯ ಕಾವು ಮುರಿದರೆ ಬೇಲಿಯ ಮರದ ಕೊಂಬೆಯೊಂದು ಅದರ ಸ್ಥಾನಕ್ಕೆ ಬರುತ್ತಿದ್ದಿತು. ಬಾಯಿ ಸವೆದರೆ ಊರ ಕಮ್ಮಾರನ ಕುಲುಮೆಯೇ ಕಾರ್ಖಾನೆಯಾಗುತ್ತಿದ್ದಿತು. ಈಗ ಅದೇ ಸೀಮೆಯ ಕೆರೆಗಳ ಹೂಳನ್ನೆತ್ತುವುದಕ್ಕೂ ತೆಂಗಿನ ತೋಟಗಳಲ್ಲಿ ಕಾಲುವೆ ತೋಡುವುದಕ್ಕೂ ಬರುವುದು ಎಣ್ಣೆಯ ಒತ್ತಡದಿಂದ ಕೈಯಾಡಿಸುವ ಯಂತ್ರ. ಅದನ್ನು ತಯಾರಿಸಿದವರು ಯಾರೇ ಆಗಿರಲಿ, ಚಕ್ರದ ಮೇಲೆ ಬಂದರೆ ಅದು ಹಳ್ಳಿಯವರ ಬಾಯಲ್ಲಿ ‘ಜೆಸಿಬಿ’. ಈ ಯಂತ್ರಕ್ಕೆ ಮುಪ್ಪಡಸಿದಾಗ ಮೊದಲು ಕಾಣುವ ಲಕ್ಷಣವು ಸೋರಿಕೆ. ಅದನ್ನು ತಡೆಯಬೇಕಾದ ಅಂಗೈಯಗಲದ ಉಂಗುರವೊಂದು ದೊರೆಯದಿದ್ದರೆ, ಸಾಲ ಮಾಡಿ ಹಳೆಯ ಯಂತ್ರವನ್ನು ಕೊಂಡವನ ಜೀವನವೇ ನಿಂತುಹೋಗುವುದು.

ಒತ್ತುವ ದ್ರವವನ್ನು ತಡೆದು ನಿಲ್ಲಿಸುವ ವಿದ್ಯೆಯು ಈ ಸೀಮೆಗೆ ಹೊಸದೆಂದು ಭಾವಿಸಬೇಕಾದುದಿಲ್ಲ. ಹಳೆಯ ಕೆರೆಗಳ ಏರಿಯ ಒಳಮಗ್ಗುಲಲ್ಲಿ ನೀರಿನಿಂದ ಮೇಲೆದ್ದು ನಿಂತಿರುವ ಎರಡು ಕಲ್ಲುಕಂಬಗಳನ್ನು ಎಲ್ಲರೂ ಕಂಡಿರುವರು. ಅವುಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯಲ್ಲಿ ಬೆಣೆಯೊಂದಿದ್ದು, ಅದು ಕೆಳಗಿನ ಕಲ್ಲಿನ ರಂಧ್ರವನ್ನು ಮುಚ್ಚುವುದು. ಕೆರೆಯಲ್ಲಿ ನೀರು ಏರಿದಷ್ಟೂ ಅದರ ಭಾರದಿಂದ ಬೆಣೆಯು ರಂಧ್ರದಲ್ಲಿ ಬಿಗಿಯಾಗಿ ಕೂರುವುದು. ಹೊರಬೀಳಲು ಹವಣಿಸುವ ನೀರೇ ತನ್ನ ಬಾಗಿಲನ್ನು ತಾನೇ ಭದ್ರಪಡಿಸಿಕೊಳ್ಳುವ ಈ ಉಪಾಯವನ್ನು ಕಂಡವನು ಸಾಮಾನ್ಯನಲ್ಲ.

ಇಂಗ್ಲೆಂಡಿನಲ್ಲಿ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ ಹಕ್ಕುಪತ್ರ ಪಡೆದ ನೀರಿನ ಒತ್ತುಯಂತ್ರವು ನಿಂತುದೂ ಇದೇ ತತ್ತ್ವದ ಮೇಲೆ. ಸಣ್ಣ ಕೊಳವೆಯಲ್ಲಿ ಒತ್ತಿದ ಬಲವು ದೊಡ್ಡ ಕೊಳವೆಯಲ್ಲಿ ಹಲವು ಮಡಿಯಾಗುವುದೆಂಬುದನ್ನು ಪಾಸ್ಕಲ್ ಮೊದಲೇ ತಿಳಿಸಿದ್ದನು. ಆದರೆ ಚಲಿಸುವ ದಿಂಡಿನ ಸುತ್ತ ನೀರು ಚಿಮ್ಮದಂತೆ ಮಾಡುವುದೇ ಕಷ್ಟವಾಗಿದ್ದಿತು. ಹಗ್ಗ ಸುತ್ತಿ ಬಿಗಿದರೆ ದಿಂಡು ಅಲುಗದು, ಸಡಿಲಿಸಿದರೆ ನೀರು ನಿಲ್ಲದು. ಬ್ರಾಮಾನ ಕೈಕೆಳಗಿದ್ದ ಹೆನ್ರಿ ಮಾಡ್ಸ್ಲೆ ಬಟ್ಟಲಿನಂತೆ ಮಡಿಸಿದ ತೊಗಲಿನ ಪಟ್ಟಿಯನ್ನು ಅಲ್ಲಿ ಕೂರಿಸಿದನೆಂದು ಹೇಳುವರು. ನೀರು ಮಡಿಕೆಯೊಳಗೆ ನುಗ್ಗಿ ತೊಗಲಿನ ಅಂಚನ್ನು ದಿಂಡಿಗೆ ಒತ್ತುವುದು. ಒತ್ತಡ ಹೆಚ್ಚಿದಂತೆ ಬಿಗಿಯೂ ಹೆಚ್ಚುವುದು. ಒತ್ತಡವಿಳಿದೊಡನೆ ದಿಂಡು ಸಲೀಸಾಗಿ ಹಿಂದಕ್ಕೆ ಬರುವುದು. ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಊರೂರಿನ ‘ಬೋರಿಂಗ್’ ಕೈಪಂಪುಗಳಲ್ಲಿ ನೀರನ್ನೆತ್ತುತ್ತಿದ್ದುದೂ ಇಂಥದೇ ಚರ್ಮದ ವಾಷರು. ಅದು ಸವೆದಾಗ ಹೆಂಗಸರು ಹಿಡಿಯನ್ನು ಎಷ್ಟು ಒತ್ತಿದರೂ ಕೊಡ ತುಂಬುತ್ತಿರಲಿಲ್ಲ.

1882ರಲ್ಲಿ ಆರ್ಮ್‌ಸ್ಟ್ರಾಂಗ್ ಸಂಸ್ಥೆಯವರು ಹಲ್ ಪಟ್ಟಣದ ಹಡಗುಕಟ್ಟೆಯ ಕೆಲಸಕ್ಕಾಗಿ ನೀರಿನ ಒತ್ತಡದಿಂದ ನಡೆಯುವ ಅಗೆಯುವ ಯಂತ್ರವೊಂದನ್ನು ಮಾಡಿದರು. ಮುಂದೆ ನೀರಿನ ಸ್ಥಾನಕ್ಕೆ ಖನಿಜತೈಲ ಬಂದಿತು. ಎಣ್ಣೆಯು ಲೋಹಕ್ಕೆ ತುಕ್ಕು ಹಿಡಿಸದು, ಜಾರಿಕೆಯನ್ನೂ ಕೊಡುವುದು; ಆದರೆ ಮರದ ಹಾಲಿನಿಂದಾದ ರಬ್ಬರನ್ನು ಉಬ್ಬಿಸಿ ಕೆಡಿಸುವುದು. ಆದುದರಿಂದ ಎಣ್ಣೆಗೆ ಅಳುಕದ ನೈಟ್ರೈಲ್ ಎಂಬ ಕೃತಕ ರಬ್ಬರು 1930ರ ದಶಕದಲ್ಲಿ ಹುಟ್ಟುವವರೆಗೆ ತೊಗಲೇ ಗತಿಯಾಗಿದ್ದಿತು. ಅದೇ ಕಾಲದಲ್ಲಿ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್‌ಸನ್ ಎಂಬ ವೃದ್ಧನು, ಇಂದು ಓ-ರಿಂಗ್ ಎನಿಸಿಕೊಂಡಿರುವ ಸರಳವಾದ ದುಂಡು ಉಂಗುರಕ್ಕೆ ಹಕ್ಕುಪತ್ರ ಪಡೆದನು. ಅದರ ಬೆಲೆ ಅತ್ಯಲ್ಪ. ಅದಿಲ್ಲದೆ ನಿಲ್ಲುವ ಯಂತ್ರದ ಬೆಲೆ ಲಕ್ಷಗಟ್ಟಲೆ.

ಇಂಗ್ಲೆಂಡಿನ ಜೆಸಿಬಿ ಸಂಸ್ಥೆಯು ಬೆನ್ನಿನ ಕಡೆಯಿಂದ ಅಗೆಯುವ ತನ್ನ ಮೊದಲ ಯಂತ್ರವನ್ನು ಹೊರತಂದುದು 1953ರಲ್ಲಿ. ಫ್ರಾನ್ಸಿನ ಪೋಕ್ಲೇನ್ ಸಂಸ್ಥೆಯು ಸುತ್ತಲೂ ತಿರುಗಬಲ್ಲ ಯಂತ್ರವನ್ನು 1961ರಲ್ಲಿ ಮಾಡಿತು. ಭಾರತದಲ್ಲಿ 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ನೆಲದಲ್ಲಿ ಮಣ್ಣುಕೆಲಸದ ಯಂತ್ರಗಳ ಕಾರ್ಖಾನೆಯನ್ನು ನಡೆಸಿತು. ಪೋಕ್ಲೇನ್ ಮಾದರಿಯ ಯಂತ್ರಗಳನ್ನು ಲಾರ್ಸೆನ್ ಆ್ಯಂಡ್ ಟೂಬ್ರೊ ಸಂಸ್ಥೆಯವರು ದೇಶದಲ್ಲಿ ತಯಾರಿಸತೊಡಗಿದರು. 1979ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯೊಡನೆ ಕೂಡಿ ಜೆಸಿಬಿಯೂ ಬಂದಿತು. ಪೋಕ್ಲೇನಿನ ಅಗೆಯುವ ಯಂತ್ರಗಳ ವ್ಯವಹಾರವು ಅನಂತರ ಅಮೆರಿಕದ ಕೇಸ್ ಸಂಸ್ಥೆಯ ಕೈಸೇರಿತು. ಆದರೂ ಸರಪಳಿಪಟ್ಟಿಯ ಮೇಲೆ ನಡೆಯುವ ಯಂತ್ರವನ್ನು ಕನ್ನಡ ನಾಡಿನಲ್ಲಿ ಇಂದಿಗೂ ‘ಪೋಕ್ಲೈನ್’ ಎಂದೇ ಕರೆಯುವರು. ಹೆಸರು ಉಳಿದು ಬಿಡಿಭಾಗ ಅಳಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೀಗೆ ಒಂದೇ ಕೆರೆಯಂಗಳದಲ್ಲಿ ನಿಂತ ಎರಡು ಯಂತ್ರಗಳು ಎರಡು ದೇಶಗಳ ಅಳತೆಗಳನ್ನು ಹೊತ್ತು ಬಂದಿರುವುವು. ಆಂಗ್ಲರ ಕೊಳವೆಮರೆಯ ಹಲ್ಲಿನ ಕೋನ 55 ಅಂಶ. ಅಮೆರಿಕದ್ದು 60 ಅಂಶ. ಅರ್ಧ ಅಂಗುಲದ ಮರೆಯಲ್ಲಿ ಎರಡಕ್ಕೂ ಅಂಗುಲಕ್ಕೆ 14 ಹಲ್ಲುಗಳೇ ಇರುವುದರಿಂದ ಒಂದು ಮತ್ತೊಂದರಲ್ಲಿ ಕೆಲವು ಸುತ್ತು ಹಿಡಿಯುವುದು. ಕೂಡಿತೆಂದು ಕೈ ನಂಬುವುದು, ಎಣ್ಣೆ ನಂಬುವುದಿಲ್ಲ. ಅಂಥ ಜೋಡಣೆಯನ್ನು ಎಷ್ಟು ಬಿಗಿದರೂ ಸೋರುವುದಲ್ಲದೆ ಕಡೆಗೆ ಹಲ್ಲುಗಳೇ ಕಿತ್ತುಹೋಗುವುವು. ಜಪಾನಿನ ಯಂತ್ರಗಳಲ್ಲಿ ಅಳತೆ ಮಿಲಿಮೀಟರಿನದು.

ಯಂತ್ರವು ದುಡಿದು ಕೆಡುವುದಕ್ಕಿಂತ ನಿಂತು ಕೆಡುವುದು ಹೆಚ್ಚು ಅಪಾಯಕರ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು; 2013ರ ಏಪ್ರಿಲಿನ ತೀರ್ಪಿನಿಂದ ಕೆಲವು ಗಣಿಗಳಿಗೆ ಮಾತ್ರ ಷರತ್ತಿನ ಮೇಲೆ ದಾರಿ ತೆರೆಯಿತು. ನ್ಯಾಯವು ಕಾಡು ಬೆಟ್ಟಗಳ ಪರವಾಗಿದ್ದುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ದೀರ್ಘ ವಿರಾಮವು ಯಂತ್ರಗಳಿಗೆ ಒಗ್ಗದು. ಹೊರಚಾಚಿ ನಿಂತ ಉಕ್ಕಿನ ದಿಂಡಿನ ಮೇಲೆ ಮಳೆ ಬಿದ್ದು, ಕ್ರೋಮಿನ ಲೇಪ ಬಿರಿದಲ್ಲಿ ತುಕ್ಕು ಸಣ್ಣ ಗುಳಿಗಳನ್ನು ಕೊರೆಯುವುದು. ಒಳಗಣ ರಬ್ಬರು ಒಂದೇ ಭಂಗಿಯಲ್ಲಿ ಒತ್ತಲ್ಪಟ್ಟು ಚಪ್ಪಟೆಯಾಗುವುದು. ಮತ್ತೆ ಚಾಲೂ ಮಾಡಿದ ದಿನವೇ ಗುಳಿಯ ಅಂಚು ಅರದಂತೆ ಹೊಸ ಸೀಲನ್ನೂ ಉಜ್ಜಿ ಹರಿಯುವುದು.

ಇಲ್ಲಿಯೇ ಅನೇಕರು ಮೋಸಹೋಗುವರು. ಸೋರಿದೊಡನೆ ಸೀಲ್ ಬದಲಾಯಿಸುವುದು, ಒಂದು ತಿಂಗಳಲ್ಲಿ ಮತ್ತೆ ಬದಲಾಯಿಸುವುದು, ಬಳಿಕ ಅಂಗಡಿಯವನನ್ನು ಬಯ್ಯುವುದು. ಬೆಣೆ ಸರಿಯಾಗಿದ್ದು ತೂಬಿನ ಕಲ್ಲೇ ಒಡೆದಿದ್ದರೆ ಹೊಸ ಬೆಣೆ ಏನು ಮಾಡೀತು? ದಿಂಡು ಬಾಗಿದೆಯೇ, ಅದನ್ನು ನೇರವಾಗಿ ನಡೆಸುವ ಬುಷ್ ಸವೆದಿದೆಯೇ, ಎಣ್ಣೆಯಲ್ಲಿ ಮಣ್ಣು ಸೇರಿದೆಯೇ ಎಂಬುದನ್ನು ಬಲ್ಲ ಮೇಸ್ತ್ರಿಯು ಮೊದಲು ನೋಡುವನು. ದಿಂಡಿನ ಉದ್ದಕ್ಕೂ ಉಗುರನ್ನು ಎಳೆದು ಗೀರುಗಳನ್ನು ಅರಿಯುವನು. ಗೀರು ಆಳವಾಗಿದ್ದರೆ ದಿಂಡನ್ನು ಉಜ್ಜಿ, ಮತ್ತೆ ಕ್ರೋಮ್ ಹತ್ತಿಸಿ, ಅಳತೆಗೆ ತರಬೇಕಲ್ಲದೆ ಬೇರೆ ಮಾರ್ಗವಿಲ್ಲ.

ಬಿಡಿಭಾಗವು ತುಮಕೂರಿನ ಅಂಗಡಿಗಳಲ್ಲಿ ದೊರೆಯದಿದ್ದರೆ ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿನ ಜೆ. ಸಿ. ರಸ್ತೆಯವರೆಗೆ ಹುಡುಕಾಟ ನಡೆಯುವುದು. ಅಲ್ಲಿಯೂ ಇಲ್ಲವೆಂದಾಗ ಭಾಗದ ಸಂಖ್ಯೆಯನ್ನು ಮರೆತು ಅಳತೆಯನ್ನು ಹಿಡಿಯುವುದೇ ಜಾಣತನ. ಹಳೆಯ ಸೀಲು ಉಬ್ಬಿಯೋ ಸವೆದೋ ಇರುವುದರಿಂದ ಅದನ್ನಳೆಯದೆ, ಅದು ಕುಳಿತಿದ್ದ ಗಾಡಿಯ ಅಗಲ, ಆಳಗಳನ್ನೂ ದಿಂಡಿನ ವ್ಯಾಸವನ್ನೂ ಅಳೆಯಬೇಕು. ಆ ಲೆಕ್ಕದ ಮೇಲೆ ಪಾಲಿಯುರೆಥೇನಿನ ಕೊಳವೆಯಿಂದ ಲೇತಿನಲ್ಲಿ ಸೀಲನ್ನು ಕಡೆದುಕೊಳ್ಳಬಹುದು. ಓ-ರಿಂಗ್ ಆದರೆ ಗಾಡಿಯಲ್ಲಿ ತನ್ನ ದಪ್ಪದ ಹತ್ತರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ಅದುಮಿರಬೇಕು. ಅತಿಯಾಗಿ ಅದುಮಿದರೆ ಬಿಸಿಯೇರಿ ಹರಿಯುವುದು. ರಬ್ಬರಿನ ಹುರಿಯನ್ನು ಓರೆಯಾಗಿ ಕೊಯ್ದು ಅಂಟಿಸಿದ ಉಂಗುರವು ಅಲುಗದ ಮುಚ್ಚಳಕ್ಕೆ ಕೆಲವು ದಿನ ನಡೆದೀತು, ಚಲಿಸುವ ದಿಂಡಿಗೆ ಸಲ್ಲದು.

ಸೋರಿಕೆಯನ್ನು ಕೈಯಿಂದ ತಡವಿ ಹುಡುಕುವ ಅಭ್ಯಾಸವು ಘೋರವಾದುದು. ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಮಿನ ಒತ್ತಡದಲ್ಲಿ ಕೂದಲೆಳೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಸೂಜಿಯಂತೆ ಭೇದಿಸುವುದು. ಗಾಯ ಸೊಳ್ಳೆಕಡಿತದಷ್ಟೇ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳೇ ಹೋಗಬಹುದು. ರಟ್ಟಿನ ತುಂಡನ್ನು ಹಿಡಿದು ನೋಡುವುದೂ, ಕೊಳವೆ ಬಿಚ್ಚುವ ಮೊದಲು ಬಕೆಟ್ಟನ್ನು ನೆಲಕ್ಕೆ ಊರಿ ಒತ್ತಡವನ್ನು ಬಿಡುವುದೂ ಬಲ್ಲವರ ಕ್ರಮ.

ಕಣ್ಣಿಗೆ ಕಾಣದ ಸೋರಿಕೆಗಳು ಎರಡುಂಟು. ಪಂಪು ಎಣ್ಣೆಯನ್ನು ಹೀರುವ ಕೊಳವೆ ಬಿರಿದರೆ ಎಣ್ಣೆ ಹೊರಬಾರದು, ಗಾಳಿ ಒಳಹೋಗುವುದು. ಎಣ್ಣೆ ನೊರೆಗಟ್ಟಿ ಪಂಪು ಕಿರುಚುವುದು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿನ ಸೈಫನ್ನುಗಳು ತುಂಬಿದ ನೀರನ್ನು ತಾವಾಗಿಯೇ ಹೊರಹಾಕುವುವು. ನೀರು ತಗ್ಗಿ ಗಾಳಿ ಒಳನುಗ್ಗಿದೊಡನೆ ಹರಿವು ನಿಲ್ಲುವುದು. ಅಲ್ಲಿ ಬೇಕೆಂದೇ ಬಿಟ್ಟ ಗಾಳಿಯು ಇಲ್ಲಿ ಶತ್ರು. ಎರಡನೆಯದು ಸಿಲಿಂಡರಿನೊಳಗೇ, ಪಿಸ್ಟನಿನ ಒಂದು ಮಗ್ಗುಲಿನಿಂದ ಮತ್ತೊಂದಕ್ಕೆ ಎಣ್ಣೆ ನುಸುಳುವುದು. ನೆಲದ ಮೇಲೆ ಒಂದು ಹನಿಯೂ ಇಲ್ಲ, ಎತ್ತಿದ ಕೈ ಮಾತ್ರ ಮೆಲ್ಲನೆ ಇಳಿಯುವುದು. ಇದನ್ನರಿಯಲು ಸಂಜೆ ಯಂತ್ರದ ಕೈಯನ್ನು ಎತ್ತಿ ನಿಲ್ಲಿಸಿ, ಕೆಳಗೆ ಯಾರೂ ಸುಳಿಯದಂತೆ ಬೇಲಿ ಹಾಕಿ, ದಿಂಡಿನ ಮೇಲೆ ಸೀಮೆಸುಣ್ಣದ ಗೆರೆಯೆಳೆದು ಹೋಗುವರು. ಬೆಳಿಗ್ಗೆ ಗೆರೆ ಸರಿದಿದ್ದರೆ ಪಿಸ್ಟನನ್ನೂ ಹತೋಟಿಯ ವಾಲ್ವನ್ನೂ ಬಿಚ್ಚಿ ನೋಡಬೇಕಾಗುವುದು. ಇದ್ದಲ್ಲಿಯೇ ಇದ್ದರೆ ಯಂತ್ರವನ್ನು ಕೆರೆಯಂಗಳಕ್ಕೆ ಇಳಿಸುವರು.