ಬ್ರಹ್ಮಕಮಲದ ಹೆಸರು, ಬ್ರಹ್ಮಕಮಲದ ಹುಟ್ಟು

ಭೀಮುನಿಪಟ್ಟಣದಿಂದ ವಿಜಯವಾಡದವರೆಗೆ ಚದುರಿ ನೆಲೆಸಿರುವ ಕನ್ನಡ ಕುಟುಂಬಗಳ ಮನೆಯಂಗಳಗಳಲ್ಲಿ ತುಳಸಿಯ ಪಕ್ಕದಲ್ಲಿ ಹಲವೆಡೆ ಕಾಣಸಿಗುವ ಕುಂಡ ಬ್ರಹ್ಮಕಮಲದ್ದು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಊರಿಂದೂರಿಗೆ ವರ್ಗವಾಗುವ ನಮ್ಮಂಥವರಿಗೆ ಅದು ಅನುಕೂಲದ ಗಿಡ. ಒಂದು ತುಂಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಸಾಮಾನಿನ ನಡುವೆ ಇಟ್ಟರೆ ವಾರ ಕಳೆದರೂ ಸಾಯುವುದಿಲ್ಲ. ಆದರೆ ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿಗೆ ಇಂಥ ಕುಂಡಗಳಲ್ಲಿ ಕೆಲವು ಬುಡದಿಂದ ಕೊಳೆತುಹೋಗುತ್ತವೆ. ಅಲಕ್ಷ್ಯಕ್ಕಿಂತ ಭಕ್ತಿಯೇ ಅದಕ್ಕೆ ಹೆಚ್ಚಿನ ಕಾರಣ. ಕಮಲವೆಂಬ ಹೆಸರನ್ನು ನಂಬಿ ನಿತ್ಯವೂ ನೀರೆರೆಯುವವರು ಬಹಳ. ಗಿಡ ಮಾತ್ರ ಕಳ್ಳಿಯ ಜಾತಿಗೆ ಸೇರಿದ್ದು. ಆದುದರಿಂದ ಚಳಿಗಾಲದ ಕೊನೆಯಲ್ಲಿ ಇದರ ಆರೈಕೆಯನ್ನು ಅರಿಯಬೇಕಾದರೆ ಮೊದಲು ಇದರ ಚರಿತ್ರೆಯನ್ನು ಅರಿಯುವುದು ಲೇಸು.

ನಮ್ಮ ಮನೆಗಳ ಬ್ರಹ್ಮಕಮಲದ ಶಾಸ್ತ್ರೀಯ ನಾಮ ಎಪಿಫಿಲಮ್ ಆಕ್ಸಿಪೆಟಾಲಮ್. ಆರ್ಕಿಡ್ ಕಳ್ಳಿಗಳೆಂದು ಕರೆಯಲ್ಪಡುವ ಗುಂಪಿನಲ್ಲಿ ನಮ್ಮ ದೇಶಕ್ಕೆ ಅತಿ ಪರಿಚಿತವಾದುದು ಇದು. ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದ ಕಾಡುಗಳು ಇದರ ತವರು. ಜಿನೀವಾದ ಸಸ್ಯವಿಜ್ಞಾನಿ ದ ಕಾಂಡೋಲ್ 1828ರಲ್ಲಿ ಇದನ್ನು ಬೇರೊಂದು ಕಳ್ಳಿಯ ಕುಲದಲ್ಲಿಟ್ಟು ವರ್ಣಿಸಿದನು. ಮರುವರ್ಷ ಇಂಗ್ಲೆಂಡಿನ ಹಾವರ್ತ್ ಇದನ್ನು ಎಪಿಫಿಲಮ್ ಕುಲಕ್ಕೆ ತಂದನು. 'ಎಲೆಯ ಮೇಲಿನದು' ಎಂಬುದು ಆ ಗ್ರೀಕ್ ಪದದ ಅರ್ಥ. ಹೂವು ಎಲೆಯಿಂದಲೇ ಹುಟ್ಟುವಂತೆ ತೋರುವುದರಿಂದ ಈ ಹೆಸರು ಬಂದಿತು. ನಿಜದಲ್ಲಿ ನಾವು ಎಲೆಯೆಂದು ಭಾವಿಸುವುದು ಚಪ್ಪಟೆಯಾದ ಕಾಂಡ.

ನಿಜವಾದ ಬ್ರಹ್ಮಕಮಲ ಹಿಮಾಲಯದ್ದು. ಸುಮಾರು 3,700 ಮೀಟರಿಗಿಂತ ಮೇಲೆ, ಬಂಡೆಗಳ ನಡುವೆ ಬೆಳೆಯುವ ಆ ಗಿಡ ಸಾಸ್ಯೂರಿಯಾ ಅಬ್ವಲ್ಲಾಟ, ಸೂರ್ಯಕಾಂತಿಯ ಕುಟುಂಬದ್ದು. ಕೇದಾರ, ಬದರಿಗಳಲ್ಲಿ ಪೂಜೆಗೆ ಸಲ್ಲುವ ಆ ಹೂವು ಇಂದು ಉತ್ತರಾಖಂಡದ ರಾಜ್ಯಪುಷ್ಪ. ಸ್ವಾರಸ್ಯವೆಂದರೆ, ಸಾಸ್ಯೂರಿಯಾ ಕುಲಕ್ಕೆ 1810ರಲ್ಲಿ ಹೆಸರಿಟ್ಟವನೂ, ಮುಂದೆ ಹಿಮಾಲಯದ ಈ ಗಿಡವನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನೂ ಅದೇ ದ ಕಾಂಡೋಲ್. ಒಂದೇ ಲೇಖನಿ ಎರಡು ಗಿಡಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಟುಂಬಗಳಲ್ಲಿ ಇರಿಸಿತ್ತು. ನಮ್ಮ ಜನರ ನಾಲಗೆ ಅವೆರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿತು. ಅಪರೂಪಕ್ಕೆ, ಅದೂ ನಡುರಾತ್ರಿಯಲ್ಲಿ ಅರಳಿ, ಬೆಳಗಾಗುವ ಮೊದಲೇ ಬಾಡುವ ಬಿಳಿಯ ಹೂವಿಗೆ ದೇವರ ಹೆಸರಲ್ಲದೆ ಬೇರಾವ ಹೆಸರೂ ಸಾಲದೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಮಾಡಿದವರು ನಾವಷ್ಟೇ ಅಲ್ಲ. ಚೀನಿಯರು ಇದೇ ಅಮೆರಿಕದ ಕಳ್ಳಿಯನ್ನು ಟಾನ್‌ಹುವಾ ಎನ್ನುತ್ತಾರೆ. ಅದರ ಮೂಲ ಬೌದ್ಧ ಗ್ರಂಥಗಳಲ್ಲಿ ಬರುವ, ಯುಗಕ್ಕೊಮ್ಮೆ ಅರಳುವ ಉದುಂಬರ ಪುಷ್ಪ. ನಮ್ಮ ಸಂಸ್ಕೃತದ ಪದವೊಂದು ಧರ್ಮಗ್ರಂಥಗಳೊಡನೆ ಚೀನಾ ಸೇರಿ, ಅಲ್ಲಿ ಮೆಕ್ಸಿಕೊದ ಗಿಡಕ್ಕೆ ಅಂಟಿಕೊಂಡಿತು. ಜಾವಾದವರು ಇದನ್ನು ವಿಜಯಕುಸುಮ ಎನ್ನುತ್ತಾರೆ. ಅಲ್ಲಿನ ತೊಗಲುಗೊಂಬೆಯಾಟದ ಕಥೆಗಳಲ್ಲಿ ಅದು ಸತ್ತವರನ್ನು ಬದುಕಿಸಬಲ್ಲ ಕೃಷ್ಣನ ಹೂವು. ಕೇರಳದಲ್ಲಿ ಇದು ನಿಶಾಗಂಧಿ. ಹಡಗುಗಳಲ್ಲಿ ಲೋಕ ಸುತ್ತಿದ ಗಿಡಕ್ಕೆ ಹೋದ ಹೋದ ನಾಡು ತನ್ನ ಪುರಾಣದಿಂದಲೋ ತನ್ನ ಕಾವ್ಯದಿಂದಲೋ ಒಂದು ಹೆಸರನ್ನು ಎರವಲು ಕೊಟ್ಟಿತು.

ಭೀಮುನಿಪಟ್ಟಣದಲ್ಲಿ ನಿಂತು ಯೋಚಿಸುವವರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಭೀಮನ ಹೆಸರು ಹೊತ್ತ ಈ ಊರು ಹದಿನೇಳನೆಯ ಶತಮಾನದಲ್ಲಿ ಡಚ್ಚರ ವ್ಯಾಪಾರ ಕೇಂದ್ರವಾಯಿತು; 1825ರಲ್ಲಿ ಇಂಗ್ಲಿಷರ ವಶವಾಯಿತು; 1861ರಲ್ಲಿ ಪುರಸಭೆಯಾಯಿತು. ಡಚ್ಚರ ಗೋರಿಗಳು ಇಂದಿಗೂ ಇಲ್ಲಿವೆ. ಇಂಗ್ಲಿಷರ ನಾಲಗೆಯಲ್ಲಿ ಊರಿನ ಹೆಸರು ಬಿಮ್ಲಿಪಟಂ ಆಯಿತು. ಈ ರೇವಿನಿಂದ ಹೊರಹೋಗುತ್ತಿದ್ದ ನಾರಿಗೆ ಪೇಟೆಯಲ್ಲಿ 'ಬಿಮ್ಲಿ ಸೆಣಬು' ಎಂಬ ಹೆಸರು ನಿಂತಿತು. ಆ ನಾರಿನ ಗಿಡ ಬೇರೆ ಯಾವುದೂ ಅಲ್ಲ, ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ಪಲ್ಯ ಮಾಡಿ ಉಣ್ಣುವ ಪುಂಡಿ. ಅದರ ತವರೋ ಆಫ್ರಿಕ. ಆಫ್ರಿಕದ ಗಿಡಕ್ಕೆ ಭೀಮನ ಊರಿನ ಹೆಸರು, ಮೆಕ್ಸಿಕೊದ ಗಿಡಕ್ಕೆ ಬ್ರಹ್ಮನ ಹೆಸರು! ಗಿಡದ ಹೆಸರು ಅದು ಯಾರ ಕೈ ಸೇರಿತೆಂಬುದನ್ನು ಹೇಳೀತು. ಅದರ ಬೇರು ಏನನ್ನು ಬೇಡುತ್ತದೆಂಬುದನ್ನು ಹೇಳಲಾರದು.

ಬೇರಿನ ಮಾತಿಗೆ ಬಂದರೆ, ಈ ಗಿಡ ತವರಿನಲ್ಲಿ ಮರದ ಕವಲುಗಳಲ್ಲಿ ಸಿಕ್ಕಿಕೊಂಡ ತರಗೆಲೆಯ ಪುಡಿಯಲ್ಲಿ ಬೇರೂರಿ ಬದುಕುತ್ತದೆ. ಮಳೆಗಾಲದಲ್ಲಿ ಹೇರಳ ನೀರು, ಕೂಡಲೇ ಬಸಿದುಹೋಗುವ ನೆಲೆ, ಎಲೆಗಳ ನಡುವಿಂದ ಸೋಸಿ ಬರುವ ಬೆಳಕು, ಚಳಿಗಾಲದಲ್ಲಿ ಒಣ ವಿಶ್ರಾಂತಿ: ಇದು ಅದರ ವರ್ಷಚಕ್ರ. ಪುಷ್ಯ, ಮಾಘಗಳಲ್ಲಿ ನಾವು ಮಾಡಬೇಕಾದುದು ಈ ವಿಶ್ರಾಂತಿಯನ್ನು ಕಾಪಾಡುವುದು. ಮೇಲ್ಮಣ್ಣು ಎರಡು ಬೆರಳಿನಷ್ಟು ಆಳದವರೆಗೆ ಒಣಗಿದ ಮೇಲೆ ಮಾತ್ರ ಸ್ವಲ್ಪ ನೀರು. ಪೂರ್ತಿ ಒಣಗಿ ಕಾಂಡ ಸುಕ್ಕುಗಟ್ಟಲೂ ಬಿಡಬಾರದು. ಗೊಬ್ಬರ ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಕಡಲಿನ ತೇವದ ಗಾಳಿಯಲ್ಲಿ ಮಣ್ಣು ನಿಧಾನವಾಗಿ ಒಣಗುವುದರಿಂದ ಭೀಮುನಿಪಟ್ಟಣದವರು ಇನ್ನಷ್ಟು ಎಚ್ಚರದಿಂದಿರಬೇಕು.

ಕಡಲ ಬದಿಯಲ್ಲಿ ಉಪ್ಪಿನ ತೊಡಕೂ ಉಂಟು. ಸವುಳು ಬಾವಿಯ ನೀರು ಕೂಡದು. ಕಾಂಡಗಳ ಮೇಲೆ ಕೂತ ಉಪ್ಪನ್ನು ಆಗಾಗ ಸಿಹಿನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬೇಕು. ಕುಂಡಕ್ಕೆ ಕಡಲ ಮರಳನ್ನು ಬೆರೆಸಲೇಬಾರದು. ತೆಂಗಿನ ನಾರು, ಎಲೆಗೊಬ್ಬರ, ಇದ್ದಿಲಿನ ಚೂರು, ಇಟ್ಟಿಗೆಯ ಚೂರು ಸೇರಿದ ಹಗುರ ಮಿಶ್ರಣ ಸಾಕು. ಕಾಂಡದ ಸಂದುಗಳಲ್ಲಿ ಬಿಳಿಯ ಹಿಟ್ಟುತಿಗಣೆ ಕಂಡರೆ ಸಾಬೂನಿನ ನೀರಿನಿಂದ ಒರೆಸಿ ತೆಗೆಯಬೇಕು.

ಫಾಲ್ಗುಣದಲ್ಲಿ ಹೊಸ ಚಿಗುರು ಕೆಂಪಾಗಿ ಮೂಡಲಾರಂಭಿಸಿದಾಗ ನೀರನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಒಣಗಿದ, ಮುದಿಯಾದ ಕಾಂಡಗಳನ್ನು ಕತ್ತರಿಸಲು ಇದೇ ಸಮಯ. ಆರೋಗ್ಯವಂತ ತುಂಡುಗಳನ್ನು ನೆರಳಲ್ಲಿ ಒಂದು ವಾರ ಇಟ್ಟು, ಗಾಯ ಒಣಗಿದ ಮೇಲೆ ಎರಡಂಗುಲ ಆಳಕ್ಕೆ ನೆಡಬೇಕು. ಕೆಲವು ದಿನ ನೀರು ಹಾಕದಿದ್ದರೂ ನಡೆಯುತ್ತದೆ. ಬೇರು ಕುಂಡವನ್ನು ತುಂಬಿದ್ದರೆ ಹೆದರಬೇಕಿಲ್ಲ. ಇಕ್ಕಟ್ಟಾದ ಕುಂಡದಲ್ಲಿಯೇ ಇದು ಚೆನ್ನಾಗಿ ಹೂ ಬಿಡುತ್ತದೆ. ಬೆಳಗಿನ ಎಳೆಬಿಸಿಲು ಹಿತ. ಫಾಲ್ಗುಣದ ಮಧ್ಯಾಹ್ನದ ಬಿಸಿಲಿಗೆ ಕಾಂಡ ಸುಟ್ಟು ಹಳದಿಯಾಗುತ್ತದೆ. ವಿಜಯವಾಡದಂಥ ಉರಿಯ ಊರಿನಲ್ಲಿ ಮಾರ್ಚಿಗೆ ಮೊದಲೇ ಕುಂಡವನ್ನು ನೆರಳಿಗೆ ಸರಿಸುವುದು ಕ್ಷೇಮ. ಕೆಂಪು, ಗುಲಾಬಿ ಹೂವಿನ ಮಿಶ್ರತಳಿಗಳನ್ನು ಮಡಿಕೇರಿಯಿಂದಲೋ ಬೆಂಗಳೂರಿನಿಂದಲೋ ತರುವವರು ಇನ್ನೊಂದು ಮಾತು ನೆನಪಿಡಬೇಕು: ಅವುಗಳಿಗೆ ಮೊಗ್ಗು ಕಟ್ಟಲು ವಾರಗಟ್ಟಲೆ ತಂಪಾದ ರಾತ್ರಿಗಳು ಬೇಕು. ಈ ಕರಾವಳಿಯಲ್ಲಿ ಅವು ಬದುಕಿದರೂ ಹೂವಿಗೆ ಜಿಪುಣವಾಗುತ್ತವೆ.

ಹಾಗಾದರೆ ಬ್ರಹ್ಮಕಮಲವೆಂಬ ಹೆಸರನ್ನು ಬಿಡಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಮಳೆಗಾಲದ ರಾತ್ರಿ ನೆರೆಯವರನ್ನೆಲ್ಲ ಕರೆದು ಹೂವು ತೋರಿಸುವ ಪದ್ಧತಿ ಆ ಹೆಸರಿನ ಸುತ್ತ ಬೆಳೆದಿದೆ. ತೆಲುಗರೂ ಇದೇ ಹೆಸರಿನಿಂದ ಕರೆಯುವುದರಿಂದ ಆ ರಾತ್ರಿ ಎರಡು ಭಾಷೆಗಳ ನಡುವೆ ಅನುವಾದವೇ ಬೇಕಾಗುವುದಿಲ್ಲ. ಆದರೆ ಹಿಮಾಲಯದ ಹೂವನ್ನು ಕೀಳುವವರ ಕೈಯಿಂದ ಉಳಿಸಬೇಕೆನ್ನುವಾಗ, 'ಅದು ನಮ್ಮ ಅಂಗಳದಲ್ಲೇ ಇದೆಯಲ್ಲ' ಎಂಬ ಭ್ರಮೆ ಯಾರಿಗೂ ಇರಬಾರದು. ಹಬ್ಬದ ದಿನ ಹೆಸರಿಗೆ ಆರತಿಯಾಗಲಿ. ಮಾಘದಲ್ಲಿ ನೀರಿನ ತಂಬಿಗೆ ಹಿಡಿದಾಗ ಮೆಕ್ಸಿಕೊದ ಮರದ ಕವಲು ನೆನಪಿಗೆ ಬರಲಿ.