ಸಮುದ್ರದ ಮೇಲಣ ಆಕಾಶಯಾನವೂ ನಿಸ್ತಂತು ವಾರ್ತೆಯೂ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳನ್ನು ನಮ್ಮ ತಾರ್ಕಿಕರು ವಿವರಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವುದು ಅನುಮಾನ. ನಂಬತಕ್ಕ ಆಪ್ತನ ಮಾತಿನಿಂದ ತಿಳಿಯುವುದು ಶಬ್ದ. ಪಾಠಶಾಲೆಯಲ್ಲಿ ಒಣ ಚರ್ಚೆಯೆಂದು ತೋರುವ ಈ ವಿಭಾಗವು ಸಮುದ್ರದ ಮೇಲೆ ಹಾರುವ ವಿಮಾನದಲ್ಲಿ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ನೆಲದ ಮೇಲೆ ಹಾರುವವನಿಗೆ ನದಿ, ಬೆಟ್ಟ, ರೈಲುದಾರಿ, ಊರುಗಳ ದೀಪ ಇವೆಲ್ಲವೂ ದಾರಿ ತೋರುವ ಪ್ರತ್ಯಕ್ಷ ಸಾಧನಗಳು. ಕಡಲಿನ ಮೇಲೆ, ಅದರಲ್ಲಿಯೂ ರಾತ್ರಿಯಲ್ಲಿ, ಇವು ಯಾವುವೂ ಇಲ್ಲ. ಆಕಾಶ ನಿರ್ಮಲವಾಗಿದ್ದರೆ ನಕ್ಷತ್ರಗಳನ್ನು ಅಳೆಯಬಹುದು. ಮೋಡ ಮುಸುಕಿದರೆ ಅದೂ ಹೋಯಿತು. ಆಗ ಉಳಿಯುವುದು ಅನುಮಾನವೊಂದೇ: ಇಷ್ಟು ವೇಗದಲ್ಲಿ, ಈ ದಿಕ್ಕಿಗೆ, ಇಷ್ಟು ಗಂಟೆ ಹಾರಿದ್ದೇವೆ, ಗಾಳಿ ಇಂಥ ಕಡೆಯಿಂದ ಬೀಸುತ್ತಿದೆ, ಆದಕಾರಣ ನಾವು ಇಂಥ ಸ್ಥಳದಲ್ಲಿದ್ದೇವೆ. ಇದರಲ್ಲಿ ಗಾಳಿಯ ವಿಷಯವಾದ ಒಂದು ಹೇತು ಸುಳ್ಳಾದರೆ ನಿರ್ಣಯವೆಲ್ಲವೂ ಸುಳ್ಳಾಗುತ್ತದೆ. ಆ ದೋಷವನ್ನು ತಿದ್ದಬಲ್ಲದ್ದು ದಡದಲ್ಲಿರುವ ಆಪ್ತನ ಶಬ್ದ. ಅದನ್ನು ತಂದು ಮುಟ್ಟಿಸುವುದು ನಿಸ್ತಂತು ಯಂತ್ರ. ಅದು ವಾರ್ತೆಯನ್ನು ತರುವುದಲ್ಲದೆ, ಬಳೆಯ ಆಕಾರದ ತಂತಿಯನ್ನು ತಿರುಗಿಸಿ ಧ್ವನಿ ಕುಗ್ಗುವ ಸ್ಥಾನವನ್ನು ನೋಡುವುದರಿಂದ, ಧ್ವನಿ ಬರುವ ದಿಕ್ಕನ್ನೂ ತಿಳಿಸಬಲ್ಲದು.

ಈ ಸತ್ಯವನ್ನು ಲೋಕವು ಸುಲಭವಾಗಿ ಕಲಿಯಲಿಲ್ಲ. 1927ನೆಯ ಇಸವಿಯ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಿಂದ ಸುಮಾರು 2,400 ಮೈಲಿ ದೂರದ ಹೊನೊಲುಲುವಿಗೆ ವಿಮಾನಗಳ ಪಂದ್ಯವೊಂದು ನಡೆಯಿತು. ಅನಾನಸಿನ ವ್ಯಾಪಾರದಿಂದ ಶ್ರೀಮಂತನಾದ ಜೇಮ್ಸ್ ಡೋಲ್ ಎಂಬಾತನು ಮೊದಲು ಸೇರಿದವನಿಗೆ 25,000 ಡಾಲರುಗಳ ಬಹುಮಾನವನ್ನು ಸಾರಿದ್ದನು. ಗೆದ್ದ 'ವೂಲಾರಾಕ್' ವಿಮಾನದಲ್ಲಿ ನಿಸ್ತಂತು ಯಂತ್ರವಿತ್ತು. 'ಗೋಲ್ಡನ್ ಈಗಲ್', 'ಮಿಸ್ ಡೋರಾನ್' ಎಂಬ ಎರಡು ವಿಮಾನಗಳು ಪೆಸಿಫಿಕ್ ಸಾಗರದಲ್ಲಿ ಕಾಣೆಯಾದವು. ಅವನ್ನು ಹುಡುಕಲು ಹೊರಟ 'ಡಲ್ಲಾಸ್ ಸ್ಪಿರಿಟ್' ಸಹ ಹಿಂದಿರುಗಲಿಲ್ಲ. ಆದರೆ ಈ ಕಡೆಯದರಲ್ಲಿ ನಿಸ್ತಂತು ಯಂತ್ರವಿದ್ದುದರಿಂದ, ವಿಮಾನವು ಸುತ್ತುತ್ತ ಕೆಳಗೆ ಬೀಳುತ್ತಿದೆಯೆಂಬ ವಾರ್ತೆಯಾದರೂ ದಡವನ್ನು ಮುಟ್ಟಿತು.

ಹತ್ತು ವರ್ಷಗಳ ತರುವಾಯ ನಡೆದ ಅಮೀಲಿಯಾ ಇಯರ್ಹಾರ್ಟ್ ಎಂಬಾಕೆಯ ಕಥೆ ಲೋಕಪ್ರಸಿದ್ಧವಾದುದು. 1937ನೆಯ ಜುಲೈ 2ರಂದು ಆಕೆ ನಾವಿಕನಾದ ಫ್ರೆಡ್ ನೂನನ್ನನೊಡನೆ ನ್ಯೂಗಿನಿಯ ಲೇ ಎಂಬ ಊರಿನಿಂದ ಹೌಲೆಂಡ್ ದ್ವೀಪಕ್ಕೆ ಹೊರಟಳು. ದೂರ 2,500 ಮೈಲಿಗೂ ಮೇಲು. ಸೇರಬೇಕಾದ ದ್ವೀಪದ ಉದ್ದವಾದರೋ ಎರಡು ಮೈಲಿಗೂ ಕಡಮೆ. ಹಡಗುಗಳು ಸಾಮಾನ್ಯವಾಗಿ ಬಳಸುತ್ತಿದ್ದ 500 ಕಿಲೋಸೈಕಲ್ ಅಲೆಯಲ್ಲಿ ಮಾತನಾಡುವುದಕ್ಕೆ ವಿಮಾನದ ಹಿಂದೆ ಉದ್ದವಾದ ತಂತಿಯನ್ನು ಇಳಿಬಿಡಬೇಕಾಗಿತ್ತು. ಅದನ್ನು ಯಾತ್ರೆಯ ಆರಂಭದಲ್ಲಿಯೇ ತೆಗೆದುಹಾಕಲಾಗಿತ್ತು. ಮೋರ್ಸ್ ಸಂಕೇತಭಾಷೆಯಲ್ಲಿ ಇಬ್ಬರಿಗೂ ಸಾಕಷ್ಟು ಪರಿಶ್ರಮವಿರಲಿಲ್ಲ. ದ್ವೀಪದ ಬಳಿ ಕಾದಿದ್ದ 'ಇಟಾಸ್ಕಾ' ಎಂಬ ಹಡಗಿಗೆ ಆಕೆಯ ಧ್ವನಿಯು ಬೆಳಗಾಗುತ್ತ ಬಂದಂತೆಲ್ಲ ಗಟ್ಟಿಯಾಗಿ ಕೇಳಿಸಿತು. ಹಡಗಿನವರು ಆಡಿದ ಮಾತು ಆಕೆಗೆ ಕೇಳಿಸಲಿಲ್ಲ. ಒಮ್ಮೆ ಅವರ ಸಂಕೇತವು ಕಿವಿಗೆ ಬಿದ್ದರೂ ಅದರಿಂದ ದಿಕ್ಕನ್ನು ತಿಳಿಯಲಾಗಲಿಲ್ಲ. ಸಮೀಪದಲ್ಲಿಯೇ ಇರಬೇಕು, ಆದರೆ ಹಡಗು ಕಾಣದು, ಎಣ್ಣೆ ಮುಗಿಯುತ್ತ ಬಂದಿದೆ ಎಂದು ತಿಳಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಧ್ವನಿಯು ನಿಂತುಹೋಯಿತು. ಬಾಯಿಯಿದ್ದು ಕಿವಿಯಿಲ್ಲದವರ ಅವಸ್ಥೆ ಇದು.

ಈ ಸಾಹಸಿಗಳು ಅಪಾಯವನ್ನು ತಾವೇ ಬಯಸಿ ಹೋದವರು. ಹಣ ಕೊಟ್ಟು ಚೀಟಿ ಪಡೆದ ಯಾತ್ರಿಕರ ವಿಷಯ ಬೇರೆ. ವಿಮಾನದ ಯಂತ್ರಗಳು ಸರಿಯಾಗಿವೆಯೋ ಇಲ್ಲವೋ ಎಂಬುದನ್ನು ಅವರು ತಿಳಿಯಲಾರರು. ತಿಳಿದವರನ್ನು ನಂಬಿ ಕುಳಿತಿರುತ್ತಾರೆ. ಆದುದರಿಂದಲೇ 1948ನೆಯ ಡಿಸೆಂಬರಿನ ಪ್ರಸಂಗವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ.

ಆ ತಿಂಗಳ 27ರ ಸಾಯಂಕಾಲ, ಡಿ.ಸಿ.-3 ಜಾತಿಯ, ಎನ್.ಸಿ. 16002 ಎಂಬ ಅಂಕಿತದ ಬಾಡಿಗೆಯ ವಿಮಾನವೊಂದು ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನ್ ನಗರಕ್ಕೆ ಬಂದಿಳಿಯಿತು. ಅದೇ ರಾತ್ರಿ ಸುಮಾರು ಒಂದು ಸಾವಿರ ಮೈಲಿ ದೂರದ ಮಯಾಮಿಗೆ ಅದು ಹೊರಡಬೇಕಾಗಿತ್ತು. ಅದರ ಬ್ಯಾಟರಿಗಳಲ್ಲಿ ನೀರು ಕಡಮೆಯಾಗಿತ್ತು, ವಿದ್ಯುಚ್ಛಕ್ತಿಯೂ ಕುಂದಿತ್ತು. ಅವನ್ನು ಪುನಃ ತುಂಬಿಸಬೇಕಾದರೆ ಹಲವು ಗಂಟೆಗಳ ಕಾಲ ತಡೆಯಬೇಕು. ಅಷ್ಟು ತಡ ಮಾಡಲು ಇಷ್ಟವಿಲ್ಲದೆ, ನೀರು ಮಾತ್ರ ಹಾಕಿಸಿ, ಶಕ್ತಿ ತುಂಬಿಸದೆಯೇ ಅವನ್ನು ಸ್ವಸ್ಥಾನದಲ್ಲಿ ಇರಿಸಲಾಯಿತು. ಹಾರುತ್ತಿರುವಾಗ ವಿಮಾನದ ಡೈನಮೋಗಳೇ ಅವನ್ನು ತುಂಬುವುವೆಂಬುದು ಚಾಲಕರ ಎಣಿಕೆ.

ವಿಮಾನವು ಓಡುದಾರಿಯ ತುದಿಗೆ ಹೋಗಿ ನಿಂತಿತು. ಗೋಪುರದವರ ಮಾತು ವಿಮಾನಕ್ಕೆ ಕೇಳಿಸುತ್ತಿತ್ತು. ವಿಮಾನದ ಮಾತು ಗೋಪುರಕ್ಕೆ ಮುಟ್ಟುತ್ತಿರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಕೇಳುವ ಯಂತ್ರಕ್ಕೆ ಅಲ್ಪ ಶಕ್ತಿ ಸಾಕು. ಹೇಳುವ ಯಂತ್ರಕ್ಕೆ ಬಹಳ ಬೇಕು. ಕಡೆಗೆ, ಬ್ಯಾಟರಿ ತುಂಬಿ ಎರಡು ಕಡೆಯ ಸಂಭಾಷಣೆ ಸಾಧ್ಯವಾಗುವವರೆಗೂ ಊರಿನ ಸಮೀಪದಲ್ಲಿಯೇ ಹಾರುತ್ತಿರತಕ್ಕದ್ದೆಂದು ಗೊತ್ತುಮಾಡಿಕೊಂಡು, ರಾತ್ರಿ 10 ಗಂಟೆ 3 ನಿಮಿಷಕ್ಕೆ ಅದು ಮೇಲೆದ್ದಿತು. ಅನಂತರ ಮಯಾಮಿಯ ಕಡೆಗೆ ಹೊರಟುಹೋಯಿತು. ಒಳಗೆ 29 ಮಂದಿ ಯಾತ್ರಿಕರೂ, 3 ಮಂದಿ ಸಿಬ್ಬಂದಿಯೂ ಇದ್ದರು. ಯಾತ್ರಿಕರಲ್ಲಿ ಎರಡು ಎಳೆಯ ಮಕ್ಕಳು.

ಮಾರ್ಗಮಧ್ಯದಲ್ಲಿ ಗಾಳಿಯು ತಿರುಗಿತು. ವಾಯವ್ಯದಿಂದ ಬೀಸುತ್ತಿದ್ದುದು ಈಶಾನ್ಯದಿಂದ ಬೀಸತೊಡಗಿತು. ಮಯಾಮಿಯವರು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಈ ಸಂಗತಿಯನ್ನು ನಿಸ್ತಂತುವಿನಲ್ಲಿ ಸಾರಿದರು. ವಿಮಾನಕ್ಕೆ ಕೇಳಿಸಿತೋ ಇಲ್ಲವೋ ನಿರ್ಣಯವಾಗಲಿಲ್ಲ. ಕೇಳಿಸದೆ ಹೋಗಿದ್ದರೆ, ಅದು ತನ್ನ ದಾರಿಯಿಂದ 40-50 ಮೈಲಿಗಳಷ್ಟು ಎಡಕ್ಕೆ ಸರಿದಿರಬಹುದಾಗಿತ್ತು. ಬೆಳಗಿನ ಜಾವ 4 ಗಂಟೆ 13 ನಿಮಿಷಕ್ಕೆ, ತಾನು ಮಯಾಮಿಗೆ ದಕ್ಷಿಣದಲ್ಲಿ 50 ಮೈಲಿ ದೂರದಲ್ಲಿರುವುದಾಗಿ ವಿಮಾನವು ತಿಳಿಸಿತು. ಈ ವಾರ್ತೆಯು ಹತ್ತಿರದ ಮಯಾಮಿಗೆ ಕೇಳಿಸಲಿಲ್ಲ. ಸುಮಾರು 600 ಮೈಲಿ ದೂರದ ನ್ಯೂ ಆರ್ಲಿಯನ್ಸಿನವರು ಕೇಳಿ ಮಯಾಮಿಗೆ ತಿಳಿಸಿದರು. ಆಗ ವಿಮಾನದಲ್ಲಿ ಉಳಿದಿದ್ದ ಎಣ್ಣೆ ಒಂದು ಗಂಟೆ ಇಪ್ಪತ್ತು ನಿಮಿಷದ ಹಾರಾಟಕ್ಕೆ ಮಾತ್ರ. ಅನಂತರ ಯಾವ ಶಬ್ದವೂ ಬರಲಿಲ್ಲ. ಹಡಗುಗಳೂ ವಿಮಾನಗಳೂ ಬಹುದೂರ ಹುಡುಕಿದರೂ ಒಂದು ತುಂಡಾದರೂ ಸಿಕ್ಕಲಿಲ್ಲ.

ವಿಚಾರಣೆ ನಡೆಸಿದ ಅಮೇರಿಕದ ಮಂಡಲಿಯು ಅಪಘಾತದ ಕಾರಣವನ್ನು ನಿಶ್ಚಯಿಸಲಾರದೆ ಹೋಯಿತು. ಆದರೆ ಹೊರಡುವುದಕ್ಕೆ ಮುಂಚೆಯೇ ವಿಮಾನದ ವಿದ್ಯುತ್ತಿನ ವ್ಯವಸ್ಥೆಯು ಸರಿಯಾಗಿರಲಿಲ್ಲವೆಂಬುದನ್ನು ಅದು ಸ್ಪಷ್ಟವಾಗಿ ದಾಖಲೆ ಮಾಡಿತು. ಈ ಘಟನೆಯು ಬರ್ಮುಡಾ ತ್ರಿಕೋಣದ ರಹಸ್ಯವೆಂದು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ವರ್ಣಿತವಾಗಿದೆ. ಸಮುದ್ರಕ್ಕೆ ಮಾಯೆಯನ್ನು ಆರೋಪಿಸುವುದು ಸುಲಭ. ನೀರಿಲ್ಲದ ಬ್ಯಾಟರಿಯನ್ನು ನೆನೆಯುವುದು ಅಷ್ಟು ರಂಜಕವಲ್ಲ. ಬ್ಯಾಟರಿಯೇ ವಿಮಾನವನ್ನು ಮುಳುಗಿಸಿತೆಂದು ನಾವೂ ಹೇಳತಕ್ಕದ್ದಲ್ಲ. ಆದರೆ ಅನುಮಾನವನ್ನು ತಿದ್ದುವ ಸಾಧನವು ಸಂದೇಹಾಸ್ಪದವಾಗಿರುವಾಗಲೇ, ಅನುಮಾನವೊಂದನ್ನೇ ನೆಚ್ಚಬೇಕಾದ ದಾರಿಗೆ ಅವರು ಹೊರಟರೆಂಬುದು ನಿಶ್ಚಯ. ಅದನ್ನು ನೆಲದ ಮೇಲೆ, ದೀಪದ ಬೆಳಕಿನಲ್ಲಿ, ಕಂಡವರಿದ್ದರು.

ಇಂದಿನ ಅಮೇರಿಕದ ನಿಬಂಧನೆಯಂತೆ, ದಡದಿಂದ ಬಹುದೂರ ಸಮುದ್ರದ ಮೇಲೆ ಹಾರುವ ದೊಡ್ಡ ಯಾತ್ರಾವಿಮಾನಗಳಲ್ಲಿ ದೂರದ ಸಂಭಾಷಣೆಗೆ ಒಂದನ್ನೊಂದು ಅವಲಂಬಿಸದ ಎರಡು ಸಾಧನಗಳಿರಬೇಕಾದುದು ಸಾಮಾನ್ಯ ವಿಧಿ. ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂಬುದೇ ಇದರ ಉದ್ದೇಶ. 2014ನೆಯ ಮಾರ್ಚಿಯಲ್ಲಿ 239 ಮಂದಿಯೊಡನೆ ಮಲೇಶಿಯಾದ ವಿಮಾನವೊಂದು ಕಣ್ಮರೆಯಾದ ಮೇಲೆ, ಸಾಗರದ ಮೇಲಿನ ವಿಮಾನದ ಸ್ಥಾನವು 15 ನಿಮಿಷಕ್ಕೊಮ್ಮೆ ತಿಳಿಯುತ್ತಿರಬೇಕೆಂಬ ಅಂತರರಾಷ್ಟ್ರೀಯ ನಿಯಮವು 2018ರಲ್ಲಿ ಜಾರಿಗೆ ಬಂದಿತು.

ಇಂಥ ನಿಯಮಗಳು ಹೊರಡುವವರಿಗೆ ಅನೇಕ ವೇಳೆ ಕಿರುಕುಳವಾಗಿ ತೋರುವುವು. ನಿಲ್ದಾಣದಲ್ಲಿ ಎರಡು ಮೂರು ಗಂಟೆ ಕಾಯಬೇಕಾದರೆ ನಾವೆಲ್ಲರೂ ಗೊಣಗುವವರೇ. ಸಾನ್ ಹುವಾನಿನಲ್ಲಿ ಆ ರಾತ್ರಿ ಉಳಿಸಿಕೊಂಡ ಕಾಲವು ಕೆಲವು ಗಂಟೆಗಳು ಮಾತ್ರ. ಹಿಂದಿರುಗಿ ಬಾರದವರು ಮೂವತ್ತೆರಡು ಮಂದಿ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡುವವರಿಗೆ ನಿಯಮದ ಅರ್ಥವನ್ನು ಬೇರೆ ಹೇಳಬೇಕಾದುದಿಲ್ಲ.