ಹವಳದ ತೊಟ್ಟಿಯ ಕೆಂಪು ಲೋಳೆ: ಒಂದು ನಿವಾರಣೆಯ ಇತಿಹಾಸ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳಗಳನ್ನು ಸಾಕುವವರಿಗೆ ಇಂದಲ್ಲ ನಾಳೆ ಎದುರಾಗುವ ಕೆಂಪು ಲೋಳೆಯು ನೋಟಕ್ಕೆ ಪಾಚಿಯಂತಿದ್ದರೂ ಪಾಚಿಯ ಕುಲಕ್ಕೆ ಸೇರಿದ್ದಲ್ಲ. ಮರಳು, ಕಲ್ಲು ಮತ್ತು ಹವಳದ ಬುಡಗಳ ಮೇಲೆ ಹರಡಿ, ಬೆಳಕು ಏರಿದಂತೆ ಆಮ್ಲಜನಕದ ಗುಳ್ಳೆಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಈ ಹಾಸು ಸಯನೋಬ್ಯಾಕ್ಟೀರಿಯಗಳ, ಅಂದರೆ ಸಸ್ಯಗಳಂತೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳಬಲ್ಲ, ಆದರೆ ಜೀವಕೋಶದಲ್ಲಿ ಪ್ರತ್ಯೇಕ ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಗಳ ಎಳೆಗಳಿಂದ ಹೆಣೆದುಕೊಂಡದ್ದು. ಶಾಲಾಪುಸ್ತಕಗಳು ಇವನ್ನು ನೀಲಿ-ಹಸಿರು ಪಾಚಿ ಎಂದು ಕರೆಯುತ್ತ ಬಂದಿದ್ದರೂ, ಫೈಕೋಎರಿತ್ರಿನ್ ಎಂಬ ವರ್ಣದ್ರವ್ಯ ಹೆಚ್ಚಿರುವ ಬಗೆಗಳು ಕೆಂಪಾಗಿಯೋ ನೇರಳೆಯಾಗಿಯೋ ಕಾಣುತ್ತವೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ವಾತಾವರಣಕ್ಕೆ ಆಮ್ಲಜನಕ ಸೇರತೊಡಗಿದ್ದು ಇವುಗಳ ಪೂರ್ವಜರಿಂದ. ಅಂಥ ಜೀವಿಯನ್ನು ಮನೆಯ ಮೂಲೆಯ ತೊಟ್ಟಿಯೊಂದರಿಂದ ತೊಲಗಿಸುವ ಪ್ರಯತ್ನವು ತೊಟ್ಟಿಯ ನೀರನ್ನು ಶುದ್ಧವಾಗಿಡಲು ಪ್ರತಿ ತಲೆಮಾರು ಹೂಡಿದ ಉಪಾಯದೊಂದಿಗೆ ಬೆಸೆದುಕೊಂಡಿದೆ, ಮತ್ತು ಆ ಪ್ರತಿ ಉಪಾಯವೂ ಲೋಳೆಗೆ ಹೊಸದೊಂದು ದಾರಿಯನ್ನು ತೆರೆದುಕೊಟ್ಟಿದೆ.

ತೊಟ್ಟಿಯಲ್ಲಿ ಹವಳ ಸಾಕಿದ ಮೊದಲಿಗರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಒಬ್ಬರು. 1846ರಲ್ಲಿ ಟಾರ್ಕಿ ಕರಾವಳಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದ ಅವರು, ನೀರಿಗೆ ಗಾಳಿ ಸೇರಲೆಂದು ತೆರೆದ ಕಿಟಕಿಯ ಬಳಿ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಕೆಲಸವನ್ನು ಮನೆಯ ಸೇವಕಿಗೆ ಒಪ್ಪಿಸಿದ್ದರು. ಹವಳ ಸಾಕಣೆಯ ಇತಿಹಾಸದ ಮೊದಲ ಪಂಪು ಹೆಸರಿಲ್ಲದ ಆ ಹೆಣ್ಣುಮಗಳ ತೋಳು ಎಂದರೆ ತಪ್ಪಾಗದು. ನಾಲ್ಕು ವರ್ಷಗಳ ನಂತರ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ಸಸ್ಯಗಳು ಬಿಡುವ ಆಮ್ಲಜನಕವನ್ನು ಮೀನುಗಳೂ, ಮೀನುಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಸಸ್ಯಗಳೂ ಬಳಸಿಕೊಳ್ಳುವ ಸಮತೋಲನದ ತೊಟ್ಟಿಯನ್ನು ವಿವರಿಸಿದ. ಸಿಹಿನೀರಿನ ಆ ಪ್ರಯೋಗದಲ್ಲಿ ಕೊಳೆತ ಎಲೆಗಳೂ ಹಸಿರು ಜೊಂಡೂ ನೀರನ್ನು ಕೆಡಿಸತೊಡಗಿದಾಗ ಅವನು ಬಸವನಹುಳುಗಳನ್ನು ತಂದು ಬಿಟ್ಟು ಅದನ್ನು ಹತೋಟಿಗೆ ತಂದನು; ಇಂದಿಗೂ ಹವಳದ ತೊಟ್ಟಿಗೆ ಬಸವನಹುಳು ಮತ್ತು ಸನ್ಯಾಸಿ ಏಡಿಗಳನ್ನು ಬಿಡುವ ರೂಢಿ ಇದರ ಮುಂದುವರಿಕೆಯೇ ಆಗಿದ್ದರೂ, ಹಸಿರು ಪಾಚಿಯನ್ನು ತಿನ್ನುವ ಆ ಜೀವಿಗಳಲ್ಲಿ ಹೆಚ್ಚಿನವು ಕೆಂಪು ಲೋಳೆಗೆ ಬಾಯಿ ಹಾಕುವುದಿಲ್ಲ.

1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆದು, ಮರುವರ್ಷ ಫಿಲಿಪ್ ಹೆನ್ರಿ ಗೋಸ್ ಬರೆದ ಪುಸ್ತಕ ಜನಪ್ರಿಯವಾದ ಮೇಲೆ, ಉಪ್ಪುನೀರಿನ ತೊಟ್ಟಿ ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳ ಷೋಕಿಯಾಯಿತು. ಕಿಟಕಿಯ ಪಕ್ಕದಲ್ಲಿ ಇರಿಸಿದ ಈ ತೊಟ್ಟಿಗಳು ನಾಲ್ಕು ಬದಿಯಿಂದಲೂ ಬಿಸಿಲು ಪಡೆದು ಬೇಗನೆ ಹಸಿರಾದವು, ಮಬ್ಬಾದವು, ನಾರತೊಡಗಿದವು. ಇದಕ್ಕೆ ಅತ್ಯಂತ ಯೋಚನಾಬದ್ಧ ಪರಿಹಾರ ಕೊಟ್ಟವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವನು ಕಟ್ಟಿಸಿದ ಅಕ್ವೇರಿಯಂನಲ್ಲಿ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ಹೆಚ್ಚು ನೀರನ್ನು ನೆಲದಡಿಯ ಕತ್ತಲೆಯ ಕೊಳದಲ್ಲಿಟ್ಟು, ಹಗಲಿರುಳು ಪಂಪಿನಿಂದ ಮೇಲೆ ಹರಿಸಿ ಮತ್ತೆ ಕೆಳಗಿಳಿಸುವ ಏರ್ಪಾಡಿತ್ತು. ಕತ್ತಲೆಯಲ್ಲಿ ತೇಲುಪಾಚಿ ಬೆಳೆಯಲಾರದು, ಹರಿವಿನಿಂದ ಕೊಳೆ ಆಮ್ಲಜನಕದೊಂದಿಗೆ ಬೆರೆತು ಕರಗುತ್ತದೆ, ನೀರಿನ ಪ್ರಮಾಣ ಹೆಚ್ಚಿದಷ್ಟೂ ಕಲ್ಮಶ ತೆಳುವಾಗುತ್ತದೆ ಎಂಬ ಮೂರು ಸೂತ್ರಗಳು ಅದರಲ್ಲಿ ಒಂದಾಗಿದ್ದವು. ಬ್ಯಾಕ್ಟೀರಿಯಗಳ ಕೆಲಸವೇನೆಂಬುದು ತಿಳಿಯುವ ಮೊದಲೇ ರೂಪುಗೊಂಡ ಈ ವಿನ್ಯಾಸ, ಇಂದಿನ ಹವ್ಯಾಸಿಗಳು ತೊಟ್ಟಿಯ ಕೆಳಗೆ ಇಟ್ಟುಕೊಳ್ಳುವ ಸಂಪ್ ಎಂಬ ಎರಡನೆಯ ತೊಟ್ಟಿಗಿಂತ ಮೂಲತಃ ಬೇರೆಯಲ್ಲ.

ಉಷ್ಣವಲಯದ ಹವಳಗಳು ದೀರ್ಘಕಾಲ ಬದುಕುವ ತೊಟ್ಟಿಗಾಗಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. 1956ರಲ್ಲಿ ನ್ಯೂ ಕ್ಯಾಲಿಡೋನಿಯದ ನೂಮೆಯದಲ್ಲಿ ರೆನೆ ಕತಾಲಾ ಸ್ಥಾಪಿಸಿದ ಅಕ್ವೇರಿಯಂಗೆ ಸಮುದ್ರದ ನೀರೇ ಹರಿದು ಬರುತ್ತಿತ್ತು. ಆ ಅನುಕೂಲವನ್ನು ನಂಬಿಕೊಳ್ಳದೆ, ಇಂಡೋನೇಷ್ಯದ ಲೀ ಚಿನ್ ಎಂಗ್ ಹವಳದಿಬ್ಬದಿಂದ ತಂದ ಜೀವಂತ ಕಲ್ಲು, ಬಿಸಿಲು ಮತ್ತು ಗಾಳಿಗುಳ್ಳೆ ಇವಿಷ್ಟರಿಂದಲೇ ಹವಳ ಸಾಕುವ ಕ್ರಮವನ್ನು 1961ರಲ್ಲಿ ಪ್ರಕಟಿಸಿದರು. ಜೀವಂತ ಕಲ್ಲೆಂದರೆ ಸತ್ತ ಹವಳದ ಸರಂಧ್ರ ಕಲ್ಲು. ಅದರ ಹೊರಮೈಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟ್ ಆಗಿಯೂ, ಆಮ್ಲಜನಕ ತಲುಪದ ಒಳಭಾಗದಲ್ಲಿರುವವು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಯೂ ಮಾರ್ಪಡಿಸುತ್ತವೆ. ಇದರ ಬೆಲೆ ಪಶ್ಚಿಮದ ಹವ್ಯಾಸಿಗಳಿಗೆ ಬಹುಕಾಲ ತಿಳಿಯಲಿಲ್ಲ. ಜಲ್ಲಿಯ ಅಡಿಯಿಂದ ನೀರು ಎಳೆಯುವ ಫಿಲ್ಟರುಗಳೂ, 1986ರಲ್ಲಿ ಜಾರ್ಜ್ ಸ್ಮಿಟ್ ಅವರ ಲೇಖನಮಾಲೆಯಿಂದ ಅಮೆರಿಕದಲ್ಲಿ ಹೆಸರಾದ ತೊಟ್ಟಿಕ್ಕುವ ಫಿಲ್ಟರುಗಳೂ ಅಮೋನಿಯವನ್ನು ಸಮರ್ಥವಾಗಿ ನೈಟ್ರೇಟ್ ಆಗಿಸಿ ಅಲ್ಲಿಗೇ ನಿಲ್ಲಿಸುತ್ತಿದ್ದುದರಿಂದ, ಮೀನುಗಳು ಕ್ಷೇಮವಾಗಿದ್ದ ನೀರು ಪಾಚಿ ಮತ್ತು ಲೋಳೆಗೆ ಗೊಬ್ಬರದ ಗುಂಡಿಯಾಯಿತು.

ಇದಕ್ಕೆ ಉತ್ತರ ಬಂದದ್ದು ಜರ್ಮನಿಯಿಂದ. ಬರ್ಲಿನ್ ಪದ್ಧತಿ ಎಂದು ಹೆಸರು ಪಡೆದ ಕ್ರಮದಲ್ಲಿ ಜೀವಂತ ಕಲ್ಲು, ಪ್ರಬಲ ದೀಪ, ಹವಳದ ಅಸ್ಥಿಗೆ ಬೇಕಾದ ಕ್ಯಾಲ್ಸಿಯಂ ಒದಗಿಸುವ ಸುಣ್ಣದ ತಿಳಿನೀರು ಮತ್ತು ಪ್ರೋಟೀನ್ ಸ್ಕಿಮ್ಮರ್ ಒಟ್ಟುಗೂಡಿದ್ದವು. ಸ್ಕಿಮ್ಮರ್ ಎಂಬುದು ಸಣ್ಣ ಗಾಳಿಗುಳ್ಳೆಗಳ ಮೈಗೆ ಅಂಟಿದ ಜೈವಿಕ ಕಲ್ಮಶವನ್ನು ನೊರೆಯಾಗಿ ಮೇಲೆತ್ತಿ ಬಟ್ಟಲಿಗೆ ಚೆಲ್ಲುವ ಕೊಳವೆ. ಕೊಳೆತು ಗೊಬ್ಬರವಾಗುವ ಮುನ್ನವೇ ಕೊಳೆಯನ್ನು ಹೊರಹಾಕುವ ಈ ಉಪಾಯ ಹವಳ ಸಾಕಣೆಯ ಇತಿಹಾಸದಲ್ಲೇ ಬಹುಶಃ ಅತಿ ದೊಡ್ಡ ತಿರುವು. ಇದಕ್ಕೆ ಎದುರಾಗಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡೀ, ಬೇರೊಂದು ತಟ್ಟೆಯಲ್ಲಿ ಪಾಚಿಯನ್ನು ಬೇಕೆಂದೇ ಬೆಳೆಸಿ, ಕೊಯ್ದು ಎಸೆದು, ಪೋಷಕಾಂಶಗಳನ್ನು ಹೊರತೆಗೆಯುವ ಮಾರ್ಗವನ್ನು ಪ್ರತಿಪಾದಿಸಿದರು.

ಲೋಳೆಯನ್ನು ನೇರವಾಗಿ ಕೊಲ್ಲುವ ಆಲೋಚನೆ ಜೀವವಿಜ್ಞಾನದ ವರ್ಗೀಕರಣದಿಂದ ಬಲ ಪಡೆಯಿತು. ಈ ಜೀವಿಗಳಿಗೂ ಬ್ಯಾಕ್ಟೀರಿಯಗಳಿಗೂ ಇರುವ ನಂಟನ್ನು ಫರ್ಡಿನಂಡ್ ಕೋನ್ 1870ರ ದಶಕದಲ್ಲೇ ಗುರುತಿಸಿದ್ದರೂ ಸಸ್ಯಶಾಸ್ತ್ರಜ್ಞರು ಅವನ್ನು ಪಾಚಿಗಳ ಪಟ್ಟಿಯಿಂದ ಬಿಟ್ಟುಕೊಡಲಿಲ್ಲ; ರೋಜರ್ ಸ್ಟೇನಿಯರ್ ಮತ್ತು ಸಂಗಡಿಗರು ಅವುಗಳ ನಾಮಕರಣವನ್ನು ಬ್ಯಾಕ್ಟೀರಿಯಗಳ ನಿಯಮಾವಳಿಯಡಿ ತರಬೇಕೆಂದು ಪ್ರಸ್ತಾಪಿಸಿದ್ದು 1978ರಲ್ಲಿ. ಬ್ಯಾಕ್ಟೀರಿಯ ಎಂದಾದ ಮೇಲೆ ಪ್ರತಿಜೈವಿಕಕ್ಕೆ ಅದು ಮಣಿಯಲೇಬೇಕು ಎಂಬುದು ಇದರ ಹಿಂದಿನ ತರ್ಕ. 1952ರಲ್ಲಿ ಮಾರುಕಟ್ಟೆಗೆ ಬಂದ ಎರಿಥ್ರೋಮೈಸಿನ್ ಬ್ಯಾಕ್ಟೀರಿಯದ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ. ತೊಟ್ಟಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ಹಾಸು ಮಾಯವಾಗುತ್ತದೆ, ಆದರೆ ಸತ್ತ ರಾಶಿ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಅದರೊಳಗಿದ್ದ ಪೋಷಕಾಂಶ ಮರಳಿ ನೀರಿಗೆ ಸೇರುತ್ತದೆ, ಕಲ್ಲಿನ ಉಪಕಾರಿ ಬ್ಯಾಕ್ಟೀರಿಯಗಳಿಗೂ ಪೆಟ್ಟು ಬೀಳಬಹುದು. ಮನುಷ್ಯರ ರೋಗಕ್ಕೆ ಬೇಕಾದ ಔಷಧವನ್ನು ಅಲಂಕಾರದ ನೀರಿಗೆ ಸುರಿದು ಚರಂಡಿಗೆ ಬಿಡುವುದು ಔಷಧ ನಿರೋಧಕತೆಯ ಈ ಕಾಲದಲ್ಲಿ ಸಮರ್ಥಿಸಲು ಕಷ್ಟವಾದ ರೂಢಿ. ಅದಕ್ಕಿಂತ ನಿರಪಾಯಕರವಾದ, ಮೂರು ದಿನ ದೀಪ ಆರಿಸಿ ತೊಟ್ಟಿಗೆ ಮುಸುಕು ಹಾಕುವ ಕ್ರಮವೂ, ಮೊದಲೇ ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆಯದಿದ್ದರೆ, ಇದೇ ಕೊಳೆತದ ತೊಂದರೆಗೆ ಸಿಲುಕುತ್ತದೆ.

ಕಾರಣದ ಹುಡುಕಾಟ ಸರೋವರಗಳಿಂದ ತೊಟ್ಟಿಗೆ ಇಳಿದು ಬಂದಿತು. ಕೆನಡಾದ ಡೇವಿಡ್ ಶಿಂಡ್ಲರ್ ಸರೋವರವೊಂದನ್ನು ಪರದೆಯಿಂದ ಎರಡು ಭಾಗ ಮಾಡಿ, ಫಾಸ್ಫರಸ್ ಸೇರಿಸಿದ ಭಾಗ ಮಾತ್ರ ನೀಲಿ-ಹಸಿರು ಪಾಚಿಯಿಂದ ತುಂಬಿದುದನ್ನು 1974ರಲ್ಲಿ ಜಗತ್ತಿಗೆ ತೋರಿಸಿದರು. ನೈಟ್ರೇಟ್ ಇಲ್ಲದಿದ್ದರೂ ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿಕೊಳ್ಳಬಲ್ಲ ಬಗೆಗಳು ಇವುಗಳಲ್ಲಿವೆ. ಭತ್ತದ ಗದ್ದೆಯಲ್ಲಿ ರೈತನಿಗೆ ನೆರವಾಗುವ ಈ ಗುಣವೇ ತೊಟ್ಟಿಯಲ್ಲಿ ಪೀಡೆಯಾಗುತ್ತದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳು ಬಳಕೆಗೆ ಬಂದು, ಸಮುದ್ರದ ತೇಲುಜೀವಿಗಳಲ್ಲಿ ಸಾರಜನಕ ಮತ್ತು ಫಾಸ್ಫರಸ್ 16ಕ್ಕೆ 1ರ ಅನುಪಾತದಲ್ಲಿವೆ ಎಂದು ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಿಂದ ಬೆಳೆಸಿದ ವಿಚಾರವನ್ನು ಹವ್ಯಾಸಿಗಳು ಮಂತ್ರದಂತೆ ಜಪಿಸತೊಡಗಿದರು. ಜೀವಿಗಳ ದೇಹರಚನೆಯನ್ನು ಕುರಿತ ಸಂಖ್ಯೆಯನ್ನು ನೀರಿಗೆ ಗುರಿಯಾಗಿ ವಿಧಿಸುವುದು ಅತಿವ್ಯಾಪ್ತಿ. ತೊಟ್ಟಿಯ ಲೋಳೆಗಳೆಲ್ಲ ಸಾರಜನಕ ಸ್ಥಿರೀಕರಿಸುವವೂ ಅಲ್ಲ, ಅಡಿಯ ಮರಳಿನಲ್ಲಿ ಸೇರಿಕೊಂಡ ಕೊಳೆಯಿಂದ ಆಹಾರ ಪಡೆಯುವ ಹಾಸಿನ ಬಗ್ಗೆ ಮೇಲಿನ ನೀರಿನ ಪರೀಕ್ಷೆ ಏನನ್ನೂ ಹೇಳದಿರಬಹುದು.

ಪೋಷಕಾಂಶಗಳನ್ನು ಶೂನ್ಯಕ್ಕೆ ಇಳಿಸಿದ ತೊಟ್ಟಿಗಳಲ್ಲೂ ಲೋಳೆ ಕಾಣಿಸಿಕೊಂಡದ್ದು ಈ ಶತಮಾನದ ಅನುಭವ. ಇದಕ್ಕೊಂದು ಕಾರಣ ಜೀವಂತ ಕಲ್ಲಿನ ಅಭಾವ. ಫ್ಲಾರಿಡಾದಲ್ಲಿ ಅದನ್ನು ಕೀಳುವುದು 1990ರ ದಶಕದಲ್ಲಿ ನಿಷಿದ್ಧವಾಯಿತು. ಭಾರತದಲ್ಲಿ 2001ರಲ್ಲಿ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ್ದರಿಂದ ಲಕ್ಷದ್ವೀಪದಿಂದಾಗಲಿ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಹವಳ ತರುವುದು ಅಪರಾಧ. ಸಮುದ್ರಕ್ಕೆ ಹಿತವಾದ ಈ ನಿರ್ಬಂಧಗಳ ನಡುವೆ ಒಣಕಲ್ಲಿನಿಂದ ತೊಟ್ಟಿ ಕಟ್ಟುವ ರೂಢಿ ಹಬ್ಬಿತು, ಮತ್ತು ಪ್ರತಿಸ್ಪರ್ಧಿ ಜೀವಿಗಳಿಲ್ಲದ ಬರಿಯ ಮೇಲ್ಮೈಯನ್ನು ಮೊದಲು ಆಕ್ರಮಿಸುವವು ಈ ಸಯನೋಬ್ಯಾಕ್ಟೀರಿಯಗಳೇ ಆದ್ದರಿಂದ, ಪ್ರತಿಸ್ಪರ್ಧಿಗಳೂ ಬೆಳೆಯಲೆಂದು ನೈಟ್ರೇಟನ್ನು ತೆಗೆಯುವ ಬದಲು ಅಳತೆಯಿಂದ ಸೇರಿಸುವ ಚಿಕಿತ್ಸೆಯೂ ಚಲಾವಣೆಗೆ ಬಂದಿತು.

ಎಲ್ಲ ಕಾಲಕ್ಕೂ ಉಳಿದು ಬಂದದ್ದು ಹೀರಿ ತೆಗೆಯುವ ಕೈಕೆಲಸ, ಮತ್ತು ಅದು ತೊಟ್ಟಿಯಾಚೆಗೂ ಹೋಗಿದೆ. ಸಯನೋಬ್ಯಾಕ್ಟೀರಿಯ ಪ್ರಧಾನವಾದ ಹಾಸೊಂದು ಜೀವಂತ ಹವಳದ ಮೇಲೆ ಕಪ್ಪು ಪಟ್ಟಿಯಾಗಿ ಸರಿಯುತ್ತ ಹಿಂದೆ ಬರಿಯ ಅಸ್ಥಿಯನ್ನು ಉಳಿಸುವ ರೋಗವನ್ನು ಕೆರಿಬಿಯನ್ ಸಮುದ್ರದಲ್ಲಿ ಆರ್ನ್‌ಫ್ರೀಡ್ ಆಂಟೋನಿಯಸ್ 1973ರಲ್ಲಿ ವರದಿ ಮಾಡಿದರು. ಫ್ಲಾರಿಡಾದ ದಿಬ್ಬಗಳಲ್ಲಿ ಹೆರಾಲ್ಡ್ ಹಡ್ಸನ್ ನೀರಿನಡಿ ಮುಳುಗಿ ಆ ಪಟ್ಟಿಯನ್ನು ಯಂತ್ರದ ಕೊಳವೆಯಿಂದ ಹೀರಿ ತೆಗೆದು, ಅದು ಮತ್ತೆ ಹರಡದಂತೆ ಅಂಚಿಗೆ ಮಕ್ಕಳು ಬೊಂಬೆ ಮಾಡುವ ಬಗೆಯ ಮೆತ್ತನೆಯ ಜೇಡಿಯನ್ನು ಮೆತ್ತುವ ವಿಧಾನವನ್ನು ರೂಪಿಸಿದರು.